ಜೋನಿಬೆಲ್ಲ ವಿಮಾನ ಹತ್ತಲಿಲ್ಲ

ನಮ್ಮಂಥ ಎರಡೆಕರೆ ತೋಟದವರು ರಫ್ತು ಮಾಡುವುದುಂಟೇ ಎಂದು ಯಾರಾದರೂ ಕೇಳಿದರೆ ನಾನು ಉಂಟು ಎನ್ನುತ್ತೇನೆ. ಮಕ್ಕಳ ಪೆಟ್ಟಿಗೆಯಲ್ಲಿ ಹೋಗುತ್ತದಲ್ಲ, ಅದೇ ನಮ್ಮ ರಫ್ತು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಬಾಳೆಕಾಯಿ ಚಿಪ್ಸ್, ಕೊಬ್ಬರಿ. ಇದಕ್ಕೆ ದಲ್ಲಾಳಿ ಇಲ್ಲ, ಕಮಿಶನ್ ಇಲ್ಲ, ಬಿಲ್ಲೂ ಇಲ್ಲ. ಆದರೆ ಈ ಮಾಲಿನಲ್ಲಿ ಎಷ್ಟು ದಾರಿಯಲ್ಲೇ ಕಸದ ಬುಟ್ಟಿ ಸೇರುತ್ತದೆ ಎಂದು ಯಾರೂ ಲೆಕ್ಕ ಇಟ್ಟ ಹಾಗಿಲ್ಲ. ನನ್ನ ಪಾಲಿನ ಲೆಕ್ಕ ಇಲ್ಲಿ ಕೊಡುತ್ತೇನೆ. ನಗುವವರು ನಗಬಹುದು. ನನ್ನ ಮನೆಯಾಕೆ ಮಾತ್ರ ಇನ್ನೂ ನಕ್ಕಿಲ್ಲ.

2023ರ ಮಾರ್ಚ್. ದುಬೈಯಲ್ಲಿರುವ ಮಗಳಿಗೆ ಹೆರಿಗೆಯಾಗಿ ಹದಿನೈದು ದಿನ. ಬಾಣಂತನಕ್ಕೆ ನಾವಿಬ್ಬರೂ ಹೊರಟದ್ದು. ಸಾಗರದಿಂದ ಆಚೆ ನಾವು ಅಷ್ಟು ದೂರ ಹೋದದ್ದೇ ಇಲ್ಲ, ವಿಮಾನವಂತೂ ಮೊದಲ ಸಲ. ಟಿಕೆಟ್ ಅಳಿಯ ಮಾಡಿಸಿದ್ದ. ಇಷ್ಟು ಕಿಲೋ ತರಬಹುದು ಎಂದು ಫೋನಿನಲ್ಲಿ ಹೇಳಿದ್ದ. ಏನು ತರಬಾರದು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಊಟದ ಸಾಮಾನಿಗೆ ಎಂಥ ತಕರಾರು ಬರುತ್ತದೆ ಎಂಬ ಧೈರ್ಯ.

ಒಂದು ವಾರ ಮನೆಯಲ್ಲಿ ಮದುವೆಯ ಗಡಿಬಿಡಿ. ಆಲೆಮನೆಯ ಕಾಲ, ಹೊಸ ಜೋನಿಬೆಲ್ಲ ಬಂದಿತ್ತು. ಅಟ್ಟದಿಂದ ಕೊಬ್ಬರಿ ಇಳಿಯಿತು. ಬಾಣಂತಿಗೆಂದು ಮನೆಯಾಕೆ ಅಂಟಿನುಂಡೆ ಕಟ್ಟಿದಳು. ಅಂಟು, ಉತ್ತುತ್ತೆ, ಕೊಬ್ಬರಿತುರಿ, ಬೆಲ್ಲ, ತುಪ್ಪ, ಮತ್ತೆ ಧಾರಾಳವಾಗಿ ಹುರಿದ ಗಸಗಸೆ. ಎರಡು ದಿನದ ಕೆಲಸ. ಸೊಂಟ ಹಿಡಿದುಕೊಂಡು ಕೂತೇ ಕಟ್ಟಿದಳು. ಅರವತ್ತು ಉಂಡೆ. ಅಲ್ಲದೆ, ಮಗಳಿಗೆ ಪಾಯಸಕ್ಕಾಗಲಿ ಎಂದು ಅರ್ಧ ಕಿಲೋ ಗಸಗಸೆ ಬೇರೆಯೇ ಕಟ್ಟಿಟ್ಟಳು.

ಹೊರಡುವ ಹಿಂದಿನ ದಿನ ಸಂಜೆ ಪಕ್ಕದ ಮನೆಯ ಹುಡುಗ ಹೇಳಿಹೋಗಲು ಬಂದ. ಗಲ್ಫಿನಲ್ಲಿ ಆರು ವರ್ಷ ಇದ್ದು ಬಂದವ. ಜಗಲಿಯ ಮೇಲೆ ಹರಡಿದ್ದ ಸಾಮಾನು ನೋಡುತ್ತ, ಒಂದು ಉಂಡೆ ಬಾಯಿಗೆ ಹಾಕಿಕೊಂಡ. ಅಗಿಯುವುದು ನಿಲ್ಲಿಸಿದ.

“ಮಾವ, ಇದಕ್ಕೆ ಗಸಗಸೆ ಹಾಕಿದ್ರಾ?”

“ಹಾಕದೆ? ಹಾಕಿದ್ದೇ ರುಚಿ” ಎಂದಳು ಒಳಗಿಂದ ಮನೆಯಾಕೆ.

“ಅತ್ತೆ, ಇದನ್ನು ತಗೊಂಡು ಹೋದ್ರೆ ನೀವು ಬಾಣಂತನಕ್ಕಲ್ಲ, ಜೈಲಿಗೇ ಹೋಗ್ತೀರಿ.”

ತಮಾಷೆ ಎಂದುಕೊಂಡೆವು. ತಮಾಷೆಯಲ್ಲ. ಸಂಯುಕ್ತ ಅರಬ್ ದೇಶಗಳಲ್ಲಿ ಗಸಗಸೆ ಮಾದಕವಸ್ತುವಿನ ಕಾನೂನಿನೊಳಗೆ ಬರುತ್ತದೆ. ಸೌದಿಯಲ್ಲೂ ನಿಷಿದ್ಧ. ಅಫೀಮು ಬರುವುದು ಗಸಗಸೆ ಗಿಡದ ಕಾಯಿಯ ಹಾಲಿನಿಂದ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರಕಾರದ ಲೈಸೆನ್ಸಿನಲ್ಲಿ ಇದನ್ನೇ ಬೆಳೆಯುತ್ತಾರೆ. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ನಾವು ಪಾಯಸ ಕುಡಿದು ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತೇವೆ, ಅಷ್ಟೇ. ಆದರೆ ಅಲ್ಲಿಯ ಕಾನೂನು ಬೀಜ, ಕಾಯಿ ಎಂದು ಭೇದ ಮಾಡುವುದಿಲ್ಲ. ಅಡುಗೆಗೆ ತಂದದ್ದು ಎಂದರೂ ಕೇಸೇ.

ಆ ಹುಡುಗ ಅವತ್ತು ಬಾರದೇ ಇದ್ದರೆ? ಬಾಣಂತಿ ಮಗಳು ಮನೆಯಲ್ಲಿ, ಅಪ್ಪ ಅಮ್ಮ ಪೊಲೀಸರ ಮುಂದೆ. ಈಗಲೂ ನೆನೆದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಅರವತ್ತು ಉಂಡೆಯನ್ನು ಅಕ್ಕಪಕ್ಕದ ಮಕ್ಕಳಿಗೆ ಹಂಚಿ, ರಾತ್ರಿ ಹನ್ನೊಂದರವರೆಗೆ ಒಲೆ ಮುಂದೆ ಕೂತು ಮನೆಯಾಕೆ ಗಸಗಸೆ ಇಲ್ಲದ ಉಂಡೆ ಮತ್ತೆ ಕಟ್ಟಿದಳು. ಈ ಸಲ ಮೂವತ್ತೇ ಆಯಿತು. ಹೋಗುವ ಮೊದಲು ಹುಡುಗ ನನ್ನ ಕವಳದ ಚೀಲವನ್ನೂ ನೋಡಿ, “ವೀಳ್ಯದೆಲೆಯೂ ಅಲ್ಲಿ ನಡೆಯೋದಿಲ್ಲ ಮಾವ” ಎಂದ. ನಲವತ್ತು ವರ್ಷ ಅಡಿಕೆ ಬೆಳೆದವ ಒಂದು ತಿಂಗಳು ಬಾಯಿ ಖಾಲಿ ಬಿಟ್ಟುಕೊಂಡು ಕೂತದ್ದು ಬೇರೆಯೇ ಕಥೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕೊಬ್ಬರಿಗೆ ಬೆಂಕಿ!

ಈಗ ನಿಲ್ದಾಣಕ್ಕೆ ಬನ್ನಿ. ಯಾವ ನಿಲ್ದಾಣ ಎಂದು ಬೇಡ, ಎಲ್ಲ ಕಡೆಯೂ ಇದೇ ಎಂದು ಆಮೇಲೆ ತಿಳಿಯಿತು. ತಂಗಿಯ ಮಗ ಕಾರಿನಲ್ಲಿ ತಂದು ಬಿಟ್ಟು ಕೆಲಸಕ್ಕೆ ಹೋದ. ದೊಡ್ಡ ಪೆಟ್ಟಿಗೆ ಎರಡನ್ನು ಕೊಟ್ಟು ಕೈ ಬೀಸಿಕೊಂಡು ನಿಂತಿದ್ದೆವು. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು. ಊರ ಸೊಸೈಟಿಯ ಸಭೆಯಲ್ಲೂ ನನ್ನ ಹೆಸರನ್ನು ಅಷ್ಟು ಜೋರಾಗಿ ಯಾರೂ ಕರೆದದ್ದಿಲ್ಲ. ಒಂದು ಕೋಣೆಗೆ ಕರೆದುಕೊಂಡು ಹೋದರು. ನನ್ನ ಪೆಟ್ಟಿಗೆ ಮೇಜಿನ ಮೇಲೆ.

“ಕೊಪ್ರಾ ಉಂಟಾ ಇದರಲ್ಲಿ?”

ಎಂಟು ಗಿಟುಕು ಕೊಬ್ಬರಿ ಇತ್ತು. ಬೆಂಕಿ ಹತ್ತಿಕೊಳ್ಳುವ ವಸ್ತು, ವಿಮಾನಕ್ಕೆ ಹಾಕುವಂತಿಲ್ಲ ಎಂದರು. ನನಗೆ ಸಿಟ್ಟು ಬಂತು. “ನಮ್ಮ ಅಟ್ಟದಲ್ಲಿ, ಒಲೆಯ ಮೇಲೆಯೇ ವರ್ಷಗಟ್ಟಲೆ ಇರ್ತದೆ ಸ್ವಾಮಿ, ಇವತ್ತಿನವರೆಗೂ ಬೆಂಕಿ ಬಿದ್ದಿಲ್ಲ” ಎಂದೆ. ಆ ಹೆಣ್ಣುಮಗಳು ಬಹಳ ಸಮಾಧಾನದಿಂದ, “ಅಜ್ಜ, ನಿಮ್ಮ ಅಟ್ಟ ಆಕಾಶದಲ್ಲಿ ಹಾರೋದಿಲ್ಲವಲ್ಲ” ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರಿಗೆ ಬಂದ ಮೇಲೆ ವಿಚಾರಿಸಿದೆ. ಅವಳು ಹೇಳಿದ್ದು ಸುಳ್ಳಲ್ಲ. ಒಳ್ಳೆಯ ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಮೇಲ್ಪಟ್ಟು ಎಣ್ಣೆ. ಸರಿಯಾಗಿ ಒಣಗಿದ್ದರೆ ತೇವ 6 ಶೇಕಡಾ ಆಸುಪಾಸಿಗೆ ಇಳಿದಿರುತ್ತದೆ. ಅರೆಬರೆ ಒಣಗಿದ್ದನ್ನು ಗೋಣಿಯಲ್ಲಿ ಒತ್ತಿ ಕಟ್ಟಿದರೆ ಒಳಗೆ ಬಿಸಿಯಾಗುವುದು ನಮಗೂ ಗೊತ್ತಿದೆ. ಕೈ ಹಾಕಿದರೆ ತಿಳಿಯುತ್ತದೆ. ಹಡಗುಗಳಲ್ಲಿ ರಾಶಿ ರಾಶಿ ತುಂಬಿದಾಗ ಆ ಬಿಸಿ ಏರುತ್ತ ಹೋಗಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಸಾಗಣೆಯ ನಿಯಮದಲ್ಲಿ ಕೊಬ್ಬರಿಯನ್ನು ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಎಂಟು ಗಿಟುಕಿಗೆ ಬೆಂಕಿ ಬೀಳುತ್ತದೆಯೇ? ನನಗೇನೋ ನಂಬಿಕೆಯಿಲ್ಲ. ಆದರೆ ನಿಯಮ ಗಿಟುಕು ಎಣಿಸುವುದಿಲ್ಲ.

ಕಿತ್ತಳೆ ಬಣ್ಣದ ಹಪ್ಪಳ

ಕೈಚೀಲದ ತಪಾಸಣೆಗೆ ಹೋದರೆ ಅಲ್ಲಿ ಹಪ್ಪಳ ಸಿಕ್ಕಿಬಿತ್ತು. ಒಡೆದೀತು ಎಂದು ಹಪ್ಪಳವನ್ನು ಕೈಚೀಲದಲ್ಲೇ ಇಟ್ಟಿದ್ದೆವು. ಐವತ್ತೈವತ್ತರ ಕಟ್ಟು, ಹಳೇ ಪೇಪರು, ಮೇಲೆ ಬಾಳೆನಾರು. ಒಟ್ಟು ಆರು. ಯಂತ್ರದೊಳಗೆ ಹೋದ ಚೀಲ ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ಪರದೆ ನೋಡುತ್ತಿದ್ದವರು ಒಬ್ಬರಿದ್ದದ್ದು ಮೂವರಾದರು.

ಆ ಪರದೆಯ ಮರ್ಮ ಇಷ್ಟು: ಕಬ್ಬಿಣ ಮುಂತಾದ ಲೋಹ ನೀಲಿಯಾಗಿ ಕಾಣುತ್ತದೆ. ತಿನ್ನುವ ಪದಾರ್ಥ, ಮರ, ಪ್ಲಾಸ್ಟಿಕ್ ಇಂಥವೆಲ್ಲ ಕಿತ್ತಳೆ ಬಣ್ಣ. ಹೆಚ್ಚಿನ ಸ್ಫೋಟಕಗಳೂ ಕಿತ್ತಳೆಯೇ. ಹಾಗಾಗಿ ಒತ್ತಾಗಿ ಕಟ್ಟಿದ ಹಪ್ಪಳ, ಅಚ್ಚುಬೆಲ್ಲ, ಹಲ್ವದ ಗಟ್ಟಿ ಎಲ್ಲ ಅವರ ಕಣ್ಣಿಗೆ ಅನುಮಾನದ ಉಂಡೆಗಳು. ಗುಂಡಗೆ, ದಪ್ಪಗೆ, ಸಾಲಾಗಿ ಆರು ಕಟ್ಟು ಕಂಡರೆ ಯಾರಾದರೂ ಎದ್ದು ನಿಂತಾರು.

“ಕ್ಯಾ ಹೈ?” ಎಂದ ಉತ್ತರದ ಹುಡುಗ.

ಹಲಸಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ? ನನಗೆ ಬಾರದು. ಪಾಪಡ್ ಎಂದು ಹೊಳೆಯಲು ಎರಡು ನಿಮಿಷ ಬೇಕಾಯಿತು. ಕಟ್ಟು ಬಿಚ್ಚಿದೆ. ಒಂದು ಹಪ್ಪಳವನ್ನು ಹಸಿಯಾಗಿಯೇ ಮುರಿದು ತಿಂದು ತೋರಿಸಿದೆ. ಹುಡುಗ ನಕ್ಕ. ಬಟ್ಟೆಯ ಪಟ್ಟಿಯಿಂದ ಚೀಲ ಒರಸಿ ಇನ್ನೊಂದು ಯಂತ್ರಕ್ಕೆ ಹಿಡಿದ. ಸ್ಫೋಟಕದ ಅಂಶ ಅಂಟಿದೆಯೇ ಎಂದು ನೋಡುವುದಂತೆ. ನಮ್ಮವರಿಗೆ ಒಂದು ಕಿವಿಮಾತು: ನೈಟ್ರೇಟ್ ಇರುವ ರಾಸಾಯನಿಕ ಗೊಬ್ಬರದ ಧೂಳು ಅಂಟಿದ್ದರೂ ಈ ಯಂತ್ರ ಕೂಗುವುದುಂಟು. ಗೊಬ್ಬರದಂಗಡಿಗೆ ಒಯ್ದ ಚೀಲದಲ್ಲಿ ಹಪ್ಪಳ ತುಂಬಬೇಡಿ. ನನ್ನದು ಹೊಸ ಚೀಲ, ಬಚಾವಾದೆ. ಹಪ್ಪಳ ಪಾಸಾಯಿತು.

ಆಮೇಲೆ ಹೊರಬಂದದ್ದು ಜೋನಿಬೆಲ್ಲ. ಒಂದು ಲೀಟರಿನ ಬಾಟಲಿ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಸೋರಿ ಸೀರೆ ಹಾಳಾದೀತು ಎಂದು ಕೈಯಲ್ಲೇ ಹಿಡಿದುಕೊಂಡಿದ್ದಳು ಮನೆಯಾಕೆ, ಮಗುವನ್ನು ಹಿಡಿದ ಹಾಗೆ.

“ಲಿಕ್ವಿಡ್. ನಾಟ್ ಅಲೌಡ್.”

“ಲಿಕ್ವಿಡ್ ಅಲ್ಲ ಮಾರಾಯಾ, ಬೆಲ್ಲ! ಗುಡ್! ಗುಡ್!” ಎಂದೆ. ಅವನು ಇಂಗ್ಲಿಷಿನ ಗುಡ್ ಎಂದು ತಿಳಿದನೋ ಏನೋ, “ಯಸ್, ಗುಡ್, ಬಟ್ ನಾಟ್ ಅಲೌಡ್” ಎಂದ. ಗಟ್ಟಿ ಇದೆ, ನೀರಲ್ಲ ಎಂದು ಸಾಧಿಸಲು ನಾನು ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದೆ. ಬೆಲ್ಲ ಒಂದು ಕ್ಷಣ ಅಲ್ಲಾಡದೆ ನಿಂತಿತು. ನಾನು ಗೆದ್ದೆ ಎನ್ನುವಷ್ಟರಲ್ಲಿ ನಿಧಾನವಾಗಿ, ಬಹಳ ಗಾಂಭೀರ್ಯದಿಂದ ಕೆಳಗೆ ಇಳಿಯತೊಡಗಿತು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆಲೆಮನೆಯವ ಸ್ವಲ್ಪ ಹೊತ್ತು ಹೆಚ್ಚು ಕಾಸಿದ್ದರೆ ನಾನು ಕೇಸು ಗೆಲ್ಲುತ್ತಿದ್ದೆ.

ಈ ನಿಯಮ ಬಂದದ್ದು 2006ರ ಆಗಸ್ಟಿನ ನಂತರ. ತಂಪುಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಒಯ್ದು ವಿಮಾನಗಳನ್ನು ಉಡಾಯಿಸುವ ಸಂಚನ್ನು ಲಂಡನ್ನಿನಲ್ಲಿ ಪತ್ತೆ ಹಚ್ಚಿದರು. ಅಲ್ಲಿಂದ ಮುಂದೆ ಕೈಚೀಲದಲ್ಲಿ ದ್ರವ ಎಂದರೆ 100 ಮಿಲಿಲೀಟರ್ ಅಷ್ಟೇ. ಹೊಸ ಯಂತ್ರ ಬಂದ ಕೆಲವು ಹೊರದೇಶದ ನಿಲ್ದಾಣಗಳಲ್ಲಿ ಇದನ್ನು ಸಡಿಲಿಸಿದ್ದಾರೆ. ದ್ರವ ಎಂದರೆ ನೀರು ಮಾತ್ರವಲ್ಲ. ತುಪ್ಪ, ಜೇನು, ಚಟ್ನಿ, ಉಪ್ಪಿನಕಾಯಿಯ ರಸ, ಲೇಹ್ಯ, ಎಲ್ಲ ಅದೇ ಲೆಕ್ಕ. ಇವೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಹೋಗುತ್ತಿದ್ದವು. ನಾವು ಮಾಡಿದ್ದೇ ಉಲ್ಟಾ.

ಬೆಲ್ಲ ಬುಟ್ಟಿಗೆ ಬಿತ್ತು. ಹುಡುಗ ಒರಟಾಗಿ ಎಸೆಯಲಿಲ್ಲ, ಮೆಲ್ಲಗೆ ಇಟ್ಟ. ಆದರೂ ಅಲ್ಲಿಂದ ಕುರ್ಚಿಯವರೆಗೆ ಮನೆಯಾಕೆ ಮಾತಾಡಲಿಲ್ಲ. ಕೂತ ಮೇಲೆ, “ಆ ಬುಟ್ಟಿಯಲ್ಲಿ ಇನ್ನೂ ಎಷ್ಟು ಡಬ್ಬ ಇತ್ತು, ನೋಡಿದ್ರಾ?” ಎಂದಳು. ನಾನು ನೋಡಿರಲಿಲ್ಲ. ಅವಳು ನೋಡಿದ್ದಳು. ತುಪ್ಪದ ಬಾಟಲಿ, ಯಾರದ್ದೋ ಉಪ್ಪಿನಕಾಯಿ, ಒಂದು ಸ್ಟೀಲಿನ ಡಬ್ಬ.

ದುಬೈಯಲ್ಲಿ ಇಳಿದರೆ ಕೊನೆಯ ಪರೀಕ್ಷೆ ಕಾದಿತ್ತು. ಪೆಟ್ಟಿಗೆಗಳು ಸುತ್ತು ಬರುವ ಪಟ್ಟಿಯ ಹತ್ತಿರ ನಿಂತಿದ್ದಾಗ ಗಮ್ಮೆಂದು ಮಿಡಿಯ ಪರಿಮಳ. ನಮ್ಮ ಪೆಟ್ಟಿಗೆ ಕಾಣುವ ಮೊದಲೇ ಅದರ ಸುದ್ದಿ ಬಂತು. ವಿಮಾನದ ಒಳಗೆ ಗಾಳಿಯ ಒತ್ತಡ ನೆಲದಲ್ಲಿ ಇದ್ದಷ್ಟು ಇರುವುದಿಲ್ಲ; ಆರೇಳು ಸಾವಿರ ಅಡಿ ಮೇಲೆ, ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕೂ ತುಸು ಎತ್ತರದಲ್ಲೋ ಇದ್ದ ಹಾಗೆ. ಕಂಠದವರೆಗೆ ತುಂಬಿದ ಡಬ್ಬ ಮುಚ್ಚಳ ಎತ್ತಿಬಿಟ್ಟಿತ್ತು. ಎರಡು ಬೆರಳು ಜಾಗ ಬಿಟ್ಟು ತುಂಬಬೇಕಿತ್ತು. ನನ್ನ ಬಿಳಿ ಪಂಚೆಗಳೆಲ್ಲ ಕೆಂಪು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರು ಮೂಗೇರಿಸಿ, ಅಚ್ಚ ಕನ್ನಡದಲ್ಲಿ, “ಜೀರಿಗೆ ಮಿಡಿ ಅಲ್ವಾ? ಯಾವ ಹೊಳೆ ದಂಡೆಯದ್ದು?” ಎಂದು ಕೇಳಿದರು. ವರದೆಯದ್ದು ಎಂದೆ. ಶಿರಸಿ ಕಡೆಯವರಂತೆ. ನಾಲ್ಕು ಮಿಡಿ ಕೊಟ್ಟೆ, ಅಲ್ಲೇ ನಿಂತು ಒಂದನ್ನು ಚೀಪಿದರು. ಇಡೀ ಪ್ರಯಾಣದಲ್ಲಿ ನನ್ನ ಮಾಲಿಗೆ ಸಿಕ್ಕಿದ ಮರ್ಯಾದೆ ಅದೊಂದೇ.

ಯಾರ ತಪ್ಪು?

ಊರಿಗೆ ಬಂದು ಇದನ್ನು ಹೇಳಿದರೆ ಕೇಳಿದವರಲ್ಲಿ ಅರ್ಧ ಜನ ನಕ್ಕರು, ಅರ್ಧ ಜನ ಬೈದರು. “ನಮ್ಮ ಊಟವನ್ನೇ ಅನುಮಾನಿಸ್ತಾರಲ್ಲ, ಎಂಥ ಕಾಲ” ಎಂದು. ನಾನೂ ಮೊದಲು ಹಾಗೇ ಬೈದವನೇ. ಈಗ ಬೈಯುವುದಿಲ್ಲ.

ಕೃಷಿಕರಾಗಿ ಯೋಚಿಸಿ. ನನ್ನ ಭಾವನ ಮಗ ಅಮೆರಿಕಕ್ಕೆ ಹೋಗುವಾಗ ಹಸಿ ಕರಿಬೇವಿನ ಸೊಪ್ಪು ಒಯ್ದಿದ್ದ. ಅಲ್ಲಿ ಕಿತ್ತುಕೊಂಡರು. ಒಗ್ಗರಣೆ ಸೊಪ್ಪಿಗೂ ಹೆದರುತ್ತಾರೆ ಎಂದು ಅವನು ಇಲ್ಲಿ ಬಂದು ನಗೆಯಾಡಿದ. ಅವರು ಹೆದರುವುದು ಸೊಪ್ಪಿಗಲ್ಲ, ಅದರ ಮೇಲೆ ಕೂರುವ ಸಿಲ್ಲಿಡ್ ಎಂಬ ಸಣ್ಣ ಕೀಟಕ್ಕೆ. ಕಿತ್ತಳೆ, ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವುದು ಇದೇ ಕೀಟ. ಕೊಡಗಿನ ಕಿತ್ತಳೆ ತೋಟಗಳು ಹಾಳಾದದ್ದರಲ್ಲಿ ಈ ರೋಗದ ಪಾಲೂ ದೊಡ್ಡದು. 2011ರಿಂದ ಅವರು ಪ್ರಯಾಣಿಕರ ಚೀಲದಲ್ಲಿ ನಮ್ಮ ಅಕ್ಕಿಯನ್ನೂ ಬಿಡುವುದಿಲ್ಲ, ಖಾಪ್ರಾ ಎಂಬ ದಾಸ್ತಾನು ಕೀಟದ ಭಯಕ್ಕೆ. 2021ರಲ್ಲಿ ವಾಷಿಂಗ್ಟನ್ ಹತ್ತಿರದ ನಿಲ್ದಾಣದಲ್ಲಿ ಭಾರತದಿಂದ ಬಂದ ಪೆಟ್ಟಿಗೆಯೊಂದರಲ್ಲಿ ಬೆರಣಿ ಸಿಕ್ಕಿ ಸುದ್ದಿಯಾಯಿತು. ಕಾಲುಬಾಯಿ ರೋಗ ಬಂದೀತೆಂದು ನಾಶ ಮಾಡಿದರು. ಪೇಪರಿನಲ್ಲಿ ಓದಿ ನಾವೆಲ್ಲ ನಕ್ಕೆವು. ಕೊಟ್ಟಿಗೆಯಲ್ಲಿ ಕಾಲುಬಾಯಿ ಜ್ವರ ಕಂಡವರಿಗೆ ನಗು ಅಷ್ಟು ಸುಲಭವಾಗಿ ಬರಬಾರದು.

ನಮ್ಮ ತೆಂಗಿನ ಗರಿಯ ಅಡಿಗೆ ಬೆಳ್ಳಗೆ ಸುರುಳಿ ಸುತ್ತಿ ಕೂರುವ ಬಿಳಿನೊಣ ನೋಡಿದ್ದೀರಲ್ಲ? ದಕ್ಷಿಣ ಭಾರತದಲ್ಲಿ ಅದು ಮೊದಲು ಕಂಡದ್ದು 2016ರಲ್ಲಿ. ಹೊರದೇಶದ್ದು. ಯಾವುದೋ ಗಿಡದ ಜೊತೆ, ಯಾವುದೋ ಬಾಗಿಲಿನಿಂದ ಬಂತು. ಅವತ್ತು ಆ ಬಾಗಿಲಿನಲ್ಲಿ ಒಬ್ಬ ಹುಡುಗ ನನ್ನ ಹಪ್ಪಳ ನೋಡಿದಷ್ಟು ಅನುಮಾನದಿಂದ ಆ ಗಿಡವನ್ನು ನೋಡಿದ್ದರೆ! ತಪಾಸಣೆ ಹೆಚ್ಚಾಯಿತು ಎಂದು ಗೊಣಗುವವರಲ್ಲಿ ನಾವು ಕೊನೆಯವರಾಗಬೇಕು. ನಮ್ಮ ಬಾಗಿಲಲ್ಲಿ ಇನ್ನೂ ಬಿಗಿಯಾಗಲಿ ಎಂದು ಕೇಳಬೇಕು.

ನನ್ನ ತಕರಾರು ಇರುವುದು ನಿಯಮದ ಮೇಲಲ್ಲ, ಅದನ್ನು ಹೇಳುವ ಜಾಗದ ಮೇಲೆ. ಉಂಡೆ ಕಟ್ಟುವವಳು ಸಾಗರದ ಹಳ್ಳಿಯಲ್ಲಿ. ನಿಯಮದ ಬೋರ್ಡು ಇರುವುದು ತಪಾಸಣೆಯ ಸಾಲಿನಲ್ಲಿ. ಅದೂ ಮುಖ್ಯವಾಗಿ ಇಂಗ್ಲಿಷಿನಲ್ಲಿ, ಚಾಕು ಕತ್ತರಿಯ ಚಿತ್ರದೊಡನೆ. ಕೊಬ್ಬರಿಯ ಚಿತ್ರ ನನಗಂತೂ ಕಾಣಲಿಲ್ಲ. ಗಸಗಸೆಯ ವಿಷಯ ಟಿಕೆಟಿನಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿ ತಲುಪಿದ ಮೇಲೆ ತಿಳಿದು ಏನು ಮಾಡುವುದು? ಔಷಧ ಹೊಡೆದ ಮೇಲೆ ಡಬ್ಬದ ಲೇಬಲ್ ಓದಿದ ಹಾಗೆ. ಕೆಲಸಕ್ಕೆ ಗಲ್ಫಿಗೆ ಹೋಗುವ ಹುಡುಗರು ನಮ್ಮ ಹಳ್ಳಿಗಳಿಂದ ಎಷ್ಟಿಲ್ಲ? ಅವರ ಅಮ್ಮಂದಿರಿಗೆ ಕನ್ನಡದಲ್ಲಿ ಒಂದು ಹಾಳೆ ಸಾಕು. ಕೈಯಲ್ಲಿ ಏನು, ಪೆಟ್ಟಿಗೆಯಲ್ಲಿ ಏನು, ಯಾವುದು ಮನೆಯಲ್ಲೇ ಬಿಡಬೇಕು, ಯಾವ ದೇಶಕ್ಕೆ ಯಾವುದು ನಡೆಯದು. ಟಿಕೆಟ್ ಮಾಡಿಕೊಡುವವರು ಟಿಕೆಟಿನ ಜೊತೆಗೇ ಕೊಡಲಿ. ಸೊಸೈಟಿಯಲ್ಲಿ, ಗ್ರಾಮ ಪಂಚಾಯತಿಯಲ್ಲಿ ಅಂಟಿಸಲಿ.

ಇನ್ನೊಂದು. ತಪಾಸಣೆಯಲ್ಲಿ ತಡೆದ ಊಟದ ಸಾಮಾನನ್ನು ಬುಟ್ಟಿಗೆ ಹಾಕುವ ಬದಲು ಹೆಸರು ಬರೆದು ಒಂದು ಕಪಾಟಿನಲ್ಲಿಟ್ಟರೆ ಏನು ನಷ್ಟ? ಬಿಡಲು ಬಂದವರು ಒಂದೆರಡು ದಿನದಲ್ಲಿ ಬಂದು ಒಯ್ಯಬಹುದು. ಜಾಗಕ್ಕೆ ಬಾಡಿಗೆ ಕೇಳಿದರೆ ಕೊಡೋಣ. ಒಂದು ಬಾಟಲಿ ಬೆಲ್ಲದ ಬೆಲೆ ದೊಡ್ಡದಲ್ಲ. ಕಣ್ಣೆದುರು ಬುಟ್ಟಿಗೆ ಹೋಗುವುದನ್ನು ನೋಡುವುದು ಮಾಡಿದವರಿಗೆ ಬಹಳ ಕಷ್ಟ.

ಕೇಳಿದರೆ ಯಾರು ಕೊಡುತ್ತಾರೆ ಎನ್ನಬೇಡಿ. ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಯನ್ನು ವಿಮಾನದೊಳಗೆ ಕೈಯಲ್ಲಿ ಒಯ್ಯಲು ಬಿಡುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಆ ಯಾತ್ರೆಯ ಕಾಲಕ್ಕೆ, 2025ರ ಜನವರಿ 20ರವರೆಗೆ, ಎಲ್ಲ ತಪಾಸಣೆ ಮಾಡಿ ಬಿಡುವುದೆಂದು ಅನುಮತಿ ಕೊಟ್ಟರು. ಭಕ್ತರಿಗಾಗಿ ಅಷ್ಟು ಮಾಡಿದವರು ಬಾಣಂತನಕ್ಕೆ ಹೋಗುವ ತಾಯಂದಿರಿಗಾಗಿ ಒಂದು ಹಾಳೆ ಅಚ್ಚು ಹಾಕಿಸಲಾರರೇ? ಕೇಳುವವರು ಬೇಕು. ತೆಂಗು ಬೆಳೆಗಾರರ ಸಂಘಗಳು ಬೆಲೆಯ ಮನವಿಯ ಜೊತೆ ಇದನ್ನೂ ಒಂದು ಸಾಲು ಸೇರಿಸಿದರೆ ಖರ್ಚೇನಿಲ್ಲ.

ನಮ್ಮ ಕಡೆಯಿಂದಲೂ ಆಗಬೇಕಾದ್ದು ಇದೆ. ಹಳೇ ಪೇಪರು, ಬಾಳೆನಾರು ನಮಗೆ ಚೆಂದ, ಪರದೆ ನೋಡುವವನಿಗೆ ಅಲ್ಲ. ಹಪ್ಪಳವನ್ನು ಪಾರದರ್ಶಕ ಲಕೋಟೆಗೆ ಹಾಕಿ, ಏನು, ಯಾವುದರಿಂದ ಮಾಡಿದ್ದು, ಯಾವಾಗ ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಬರೆದರೆ ಮುಕ್ಕಾಲು ತಲೆನೋವು ಕಡಿಮೆ. ತಿನ್ನುವ ಸಾಮಾನು ಉಂಟೇ ಎಂದು ಆಸ್ಟ್ರೇಲಿಯಾದಂಥ ದೇಶದ ಫಾರ್ಮಿನಲ್ಲಿ ಕೇಳಿದರೆ ಉಂಟು ಎಂದೇ ಬರೆಯಿರಿ. ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ. ಬರೆಯದೆ ಸಿಕ್ಕಿದರೆ ದಂಡ. 2022ರಲ್ಲಿ ಇಂಡೋನೇಷ್ಯಾದಿಂದ ಅಲ್ಲಿಗೆ ಹೋದವನೊಬ್ಬ ಮೊಟ್ಟೆ, ಮಾಂಸ ಇಟ್ಟ ಎರಡು ಬನ್ನು ಮತ್ತೊಂದು ತಿಂಡಿಗೆ 2,664 ಆಸ್ಟ್ರೇಲಿಯನ್ ಡಾಲರ್ ತೆತ್ತ. ಆ ದುಡ್ಡಿಗೆ ನಮ್ಮಲ್ಲಿ ಎಷ್ಟು ಕ್ವಿಂಟಲ್ ಅಡಿಕೆ ಮಾರಬೇಕು, ಲೆಕ್ಕ ಹಾಕಿ.

ಅಳಿಯ ಮಗಳು ಬರುವ ತಿಂಗಳು ಮೊಮ್ಮಗನನ್ನು ಕರೆದುಕೊಂಡು ಊರಿಗೆ ಬರುತ್ತಿದ್ದಾರೆ. ವಾಪಸು ಹೋಗುವಾಗ ಪೆಟ್ಟಿಗೆ ಕಟ್ಟುವವಳು ಇವಳೇ. ಇನ್ನೂರು ಹಪ್ಪಳ ಆಗಲೇ ಲಕೋಟೆಗೆ ಬಿದ್ದಿದೆ. ಎದುರು ಮನೆಯ ಕಾಲೇಜು ಹುಡುಗಿ ಹೆಸರು ಬರೆದುಕೊಟ್ಟಿದ್ದಾಳೆ. ಗಸಗಸೆಯ ಡಬ್ಬವನ್ನು ಅಟ್ಟಕ್ಕೆ ಏರಿಸಿ ಏಣಿಯನ್ನೂ ತೆಗೆದಿಟ್ಟಾಗಿದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, “ಜೋನಿಬೆಲ್ಲವನ್ನು ಇನ್ನೂ ಕಾಸಿ ಅಚ್ಚು ಹಾಕಿದರೆ ಕೈಚೀಲದಲ್ಲೇ ಬಿಡ್ತಾರಾ?” ಎಂದು ಕೇಳಿದಳು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.